ತರೀಮಾ ಹತ್ತುವಾಗ ಶೂ ಬಿಚ್ಚಬೇಡಿ: ಲಾಸ್ ಏಂಜಲೀಸಿಗೆ ಬಂದ ಹೊಸ ಕನ್ನಡಿಗರಿಗೆ

ಲೈಸೆನ್ಸು, ಬಾಡಿಗೆ ಕರಾರು, ಮಕ್ಕಳ ಶಾಲೆ ಮೊದಲ ತಿಂಗಳಲ್ಲೇ ಮುಗಿಸಿಕೊಳ್ಳಿ. ಆಮೇಲೆ ಇಲ್ಲಿನ ಮೆಕ್ಸಿಕನ್ನರ ಹಾಡು-ಕುಣಿತದ ಪರಿಚಯಕ್ಕೆ, ಮೆಟ್ರೊ ಪ್ರಯಾಣದ ಟ್ಯಾಪ್ ಕಾರ್ಡ್ ತಗೊಂಡು ಇ ಲೈನ್‌ನಲ್ಲಿ ಊರಿನ ಪೂರ್ವ ಭಾಗದ ಬಾಯ್ಲ್ ಹೈಟ್ಸ್‌ಗೆ ಹೋಗಿಬನ್ನಿ. ಅಲ್ಲಿನ ಮರಿಯಾಚಿ ಪ್ಲಾಝಾ ನೋಡಿ, ಮೆಕ್ಸಿಕೋದ ಹಾಡೆಲ್ಲ ಮರಿಯಾಚಿ ಅಂದುಕೊಳ್ಳುವುದು ನಮ್ಮವರ ಮೊದಲ ತಪ್ಪು. ಡೊಳ್ಳು ಕುಣಿತ, ಯಕ್ಷಗಾನ ಎರಡೂ ಒಂದೇ ಅಂದರೆ ನಮಗೆ ಹೇಗನಿಸುತ್ತದೆ? ಮರಿಯಾಚಿ ಮೆಕ್ಸಿಕೋದ ಹಲಿಸ್ಕೊ ಪ್ರಾಂತದ ಕಡೆಯ ಸಂಗೀತ. ಈ ಊರಿನ ಪೂರ್ವ ಭಾಗದ ಹುಡುಗರು ರಾಕ್, ಹಿಪ್‌ಹಾಪ್ ಜೊತೆ ಬೆರೆಸಿಕೊಂಡದ್ದು ಮೆಕ್ಸಿಕೋದ ವೆರಾಕ್ರೂಸ್ ಸೀಮೆಯ ಜನಪದ ಸಂಗೀತ, ಸೋನ್ ಹರೋಚೊ. 1958ರಲ್ಲಿ ಗಾಯಕ ರಿಚಿ ವ್ಯಾಲೆನ್ಸ್ ರಾಕ್ ಮಾಡಿದ ‘ಲಾ ಬಾಂಬಾ’ ಇದರದೇ ಹಾಡು; ಕೆತ್ಸಾಲ್, ಲಾಸ್ ಕಫೆತೆರಾಸ್ ತಂಡಗಳು ಬೆಳೆದದ್ದೂ ಇದೇ ಬೇರಿನಿಂದ.

ಕಛೇರಿಗೆ ಹೋದ ಹಾಗೆ ಕುರ್ಚಿ ಹುಡುಕಬೇಡಿ. ಸೋನ್ ಹರೋಚೊ ಹಾಡಿ ಕುಣಿಯುವ ಕೂಟಕ್ಕೆ ಫಂದಾಂಗೊ ಎನ್ನುತ್ತಾರೆ, ಸುತ್ತ ನಿಲ್ಲುವವರೆಲ್ಲ ಇದರ ಪಾಲುದಾರರು. ನಡುವೆ ಮರದ ಹಲಗೆಯ ತಗ್ಗು ವೇದಿಕೆ ಇರುತ್ತದೆ, ಅದೇ ತರೀಮಾ. ವೇದಿಕೆ ಕಂಡೊಡನೆ ಚಪ್ಪಲಿ ಬಿಡುವುದು ನಮ್ಮ ರಕ್ತದಲ್ಲಿದೆ. ಭರತನಾಟ್ಯ ಕಲಿತ ಮಕ್ಕಳಂತೂ ಬರಿಗಾಲಲ್ಲೇ ಹತ್ತಿಬಿಡುತ್ತಾರೆ. ಬೇಡ. ತರೀಮಾ ಇಲ್ಲಿ ತಾಳವಾದ್ಯ, ಗಟ್ಟಿ ಹಿಮ್ಮಡಿಯ ಶೂ ಅದನ್ನು ನುಡಿಸುವ ಕೋಲು. ರಬ್ಬರ್ ಅಡಿಯ ಶೂಗೂ ನಾದ ಬರುವುದಿಲ್ಲ. ಯಾರಾದರೂ ಪದ್ಯ ಹಾಡುವಾಗ ಹೆಜ್ಜೆ ಮೆತ್ತಗಿರಬೇಕು, ಹಾಡು ನಿಂತು ವಾದ್ಯ ಮಾತ್ರ ಉಳಿದಾಗ ಜೋರಾಗಿ ಬಡಿಯಬೇಕು. ಸರದಿ ಬೇಕೆಂದರೆ ಕುಣಿಯುವವರ ಭುಜ ಮೆಲ್ಲಗೆ ತಟ್ಟಿ. ಕೆಲವು ಹಾಡಿಗೆ ಹೆಂಗಸರಷ್ಟೇ ಕುಣಿಯುತ್ತಾರೆ. ಹತ್ತುವ ಮೊದಲು ಕೇಳಿಕೊಳ್ಳಿ.

ಚಪ್ಪಾಳೆ ಹಾಕಲು ಅವಸರ ಬೇಡ. ಆರು ಮಾತ್ರೆಯನ್ನು ಒಮ್ಮೆ 3+3, ಮರುಗಳಿಗೆ 2+2+2 ಎಂದು ಒಡೆಯುವುದೇ ಇದರ ಜೀವ. ತೊಡೆ ಮೇಲೆ ಬಲಗೈಯಲ್ಲಿ ಎರಡು ಪೆಟ್ಟು, ಅಷ್ಟೇ ಹೊತ್ತಿನಲ್ಲಿ ಎಡಗೈಯಲ್ಲಿ ಮೂರು ಹಾಕಿ ನೋಡಿ, ವಾರ ಹಿಡಿಯುತ್ತದೆ. ರಾಕ್, ಹಿಪ್‌ಹಾಪ್ ಜೊತೆಗಿನ ಹೊಸ ಬೆರಕೆ ಕೆಡುವುದೂ ಇಲ್ಲೇ. ಡ್ರಮ್ಸ್ ಒಂದೇ ಲೆಕ್ಕಕ್ಕೆ ಮೊಳೆ ಹೊಡೆದರೆ ಈ ಓಲಾಟ ಸಾಯುತ್ತದೆ, ಎಲೆಕ್ಟ್ರಿಕ್ ಗಿಟಾರ್ ಏರಿದರೆ ಹರಾನಾ ಎಂಬ ತಂತಿವಾದ್ಯ ಕೇಳಿಸುವುದೇ ಇಲ್ಲ. ಒಳ್ಳೆಯ ತಂಡ ತರೀಮಾಕ್ಕೂ ಮೈಕ್ ಕೊಟ್ಟು ಹೆಜ್ಜೆಯ ಸದ್ದನ್ನು ಮುಂದೆ ತರುತ್ತದೆ.

ಹರಾನಾ ಅಂದರೆ 8 ತಂತಿಯ ಪುಟ್ಟ ವಾದ್ಯ. ತಂತಿಗಳು 5 ಸಾಲಾಗಿ ಕೂರುತ್ತವೆ: ನಡುವಿನ ಮೂರು ಜೋಡಿ, ಅಂಚಿನ ಎರಡು ಒಂಟಿ. ಸಾಮಾನ್ಯ ಶ್ರುತಿ ಜಿ-ಸಿ-ಇ-ಎ-ಜಿ. ಏಕಾಂಡ ವೀಣೆಯ ಹಾಗೆ ಒಡಲು, ಕುತ್ತಿಗೆ ಒಂದೇ ಮರದಿಂದ ಕೊರೆದದ್ದು. ಸಾಂಟಾ ಆನಾ ಒಣಗಾಳಿ ಬೀಸುವ ದಿನಗಳಲ್ಲಿ ಗೋಡೆಗೆ ತೂಗುಹಾಕಿದರೆ ಬಿರುಕು ಬಿಡುತ್ತದೆ. ಪೆಟ್ಟಿಗೆಯಲ್ಲಿಟ್ಟು ತೇವ ಶೇಕಡ 45-50 ಇರುವಂತೆ ನೋಡಿಕೊಳ್ಳಿ. ಸಿ, ಎಫ್, ಜಿ7 ಮೂರು ಹಿಡಿತ (ಕಾರ್ಡ್) ಬಂದರೆ ಹೊರಸುತ್ತಿನಲ್ಲಿ ನಿಂತು ನುಡಿಸಬಹುದು. ಹಾಡು ಎತ್ತಿಕೊಡುವ ಹಕ್ಕು ಮಾತ್ರ ಧಾಟಿ ನುಡಿಸುವ ತಂತಿವಾದ್ಯ ರೆಕಿಂತೊ ಹಿಡಿದವರದು.

ಮಕ್ಕಳನ್ನು ಕರೆದುಕೊಂಡು ಹೋಗಿ. ಒಬ್ಬರು ಪದ್ಯ ಎಸೆದರೆ ಇನ್ನೊಬ್ಬರು ಎದುರುಪದ್ಯ ಕೊಡುತ್ತಾರೆ, ನಮ್ಮ ಸವಾಲ್-ಜವಾಬಿನಂತೆ. ಇಲ್ಲೇ ಹುಟ್ಟಿದ ಮೆಕ್ಸಿಕನ್ ಮಕ್ಕಳು ಅಜ್ಜಿಯ ಸ್ಪ್ಯಾನಿಷಿಗೆ ತಮ್ಮ ಇಂಗ್ಲಿಷ್ ಸೇರಿಸಿ ಹಾಡುತ್ತಾರೆ. ನಮ್ಮ ಮಕ್ಕಳಿಗೆ ಜನಪದ ಎಂದರೆ ರಾಜ್ಯೋತ್ಸವದ ದಿನ ಟ್ರ್ಯಾಕ್ ಹಾಕಿ ಮಾಡುವ ನಾಲ್ಕು ನಿಮಿಷದ ಡ್ಯಾನ್ಸ್. ಅದು ಹೊಟ್ಟೆ ಉರಿಸುತ್ತದೆ. ಊರಿನಲ್ಲಿ ಬೀಸುಕಲ್ಲಿನ ಪದ ಬಲ್ಲ ಅಜ್ಜಿ ಇದ್ದರೆ, ಈ ಭಾನುವಾರದ ಫೋನಿನಲ್ಲೇ ಹಾಡಿಸಿ ರೆಕಾರ್ಡ್ ಮಾಡಿಕೊಳ್ಳಿ. ಹರಾನಾದ ಮೂರು ಹಿಡಿತ ಕಲಿತ ಮಗು ಆ ಧಾಟಿಯನ್ನು ತಾನೇ ಹುಡುಕಿಕೊಳ್ಳುತ್ತದೆ.