ಅಮೆರಿಕದಲ್ಲಿ ತೋಟಾ ತುಂಬುವ ಪ್ರೆಸ್ ಕೊಳ್ಳುವ ಮೊದಲು: ಕೊಡಗಿನಿಂದ ಹೊರಟವರಿಗೆ

ಈ ಸಲ ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್‌ಗೆ ಊರಿಗೆ ಬಂದಿದ್ದೇನೆ. ಗೋಣಿಕೊಪ್ಪಲಿನ ಹತ್ತಿರ ನಮ್ಮ ಮನೆ. ನಾಟಿ ಮುಗಿದಿದೆ. ಕೋವಿಗಳನ್ನು ಒರೆಸಿ, ನಳಿಗೆಗೆ ತೋಕ್‌ಪೂ ಎಂಬ ಹೂ ಸಿಕ್ಕಿಸಿ ಪೂಜೆ ಮಾಡಿದೆವು. ತೆಂಗಿನಕಾಯಿಗೆ ಗುಂಡು ಹೊಡೆದು ಬಂದು ಜಗಲಿಯಲ್ಲಿ ಕೂತಾಗ ನಮ್ಮ ಕಡೆಯ ಮೂವರು ಮಕ್ಕಳು ಹತ್ತಿರ ಬಂದರು. ಇಬ್ಬರು ಓದಲು ಅಮೆರಿಕಕ್ಕೆ ಹೊರಟವರು, ಒಬ್ಬಳು ಕೆಲಸಕ್ಕೆ. ‘ಅಲ್ಲಿ ಮನೆಯಲ್ಲೇ ತೋಟಾ ತುಂಬಿಕೊಳ್ಳಬಹುದಂತೆ, ಯಾವ ಪ್ರೆಸ್ ಒಳ್ಳೆಯದು?’ ಎಂದು ಕೇಳಿದರು. ನಾನು ಅರಿಜೋನಾದಲ್ಲಿ ಹದಿನೆಂಟು ವರ್ಷದಿಂದ ಇದ್ದೇನೆ. ಹನ್ನೊಂದು ವರ್ಷದಿಂದ ತೋಟಾ ತುಂಬುತ್ತಿದ್ದೇನೆ. ಅಂದರೆ ಹೊಡೆದು ಖಾಲಿಯಾದ ಕೇಸಿಗೆ, ಅಂದರೆ ತೋಟಾದ ಕವಚಕ್ಕೆ, ಮತ್ತೆ ಮದ್ದು ಮತ್ತು ಬುಲೆಟ್ ಹಾಕುವುದು. ಅದಕ್ಕೆ ಬಳಸುವ ಕೈಯಂತ್ರವೇ ಪ್ರೆಸ್. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಪ್ರೆಸ್ಸಿನ ಮಾತು ಆಮೇಲೆ. ಮೊದಲು ವೀಸಾ ಮಾತು. ಓದುವವರ ಎಫ್-1, ಕೆಲಸದವರ ಎಚ್-1ಬಿ ತರಹದ ವೀಸಾದಲ್ಲಿ ಇರುವವರು ಅಮೆರಿಕದಲ್ಲಿ ಕೋವಿಯನ್ನೂ ತೋಟಾವನ್ನೂ ಇಟ್ಟುಕೊಳ್ಳುವಂತಿಲ್ಲ. ಇದು ಇಡೀ ದೇಶಕ್ಕೆ ಅನ್ವಯಿಸುವ ಫೆಡರಲ್ ಕಾನೂನು. ಗುಂಡು ಹೊಡೆಯುವ ಅಭ್ಯಾಸದ ರೇಂಜಿಗೆ ಹೋಗಿ ಬಾಡಿಗೆ ಕೋವಿ ಹಿಡಿಯುವುದೂ ಇದರಲ್ಲೇ ಬರುತ್ತದೆ. ಅಲ್ಲಿನ ರಾಜ್ಯವೊಂದರ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ. ಆದರೆ ಅದನ್ನು ನಂಬಿ ಮುಂದೆ ಹೋಗುವ ಮೊದಲು ವಕೀಲರನ್ನು ಕೇಳಿ. ಇನ್ನೊಂದು ವಿಷಯ ತುಂಬ ಜನಕ್ಕೆ ಗೊತ್ತಿಲ್ಲ. ಆ ಕಾನೂನಿನಲ್ಲಿ ತೋಟಾ ಎಂದರೆ ತುಂಬಿದ ತೋಟಾ ಮಾತ್ರ ಅಲ್ಲ. ಖಾಲಿ ಕೇಸ್, ಮದ್ದಿಗೆ ಕಿಡಿ ಹಚ್ಚುವ ಪ್ರೈಮರ್, ಬುಲೆಟ್, ಮದ್ದು ಎಲ್ಲವೂ ತೋಟಾದ ಲೆಕ್ಕವೇ. ‘ಬರೀ ಸಾಮಾನು ತಾನೇ, ತಂದಿಟ್ಟುಕೊಂಡರೆ ಏನಾಯಿತು’ ಅನ್ನಬೇಡಿ. ಕೋವಿಯ ಮೊಕದ್ದಮೆಯಲ್ಲಿ ಸಿಕ್ಕಿಬಿದ್ದರೆ ದೇಶ ಬಿಟ್ಟು ಕಳಿಸುವ ಮಟ್ಟಕ್ಕೂ ಹೋಗುತ್ತದೆ. ಗ್ರೀನ್ ಕಾರ್ಡ್ ಬರುವವರೆಗೆ ಕಾಯಿರಿ. ನಾನೂ ಕಾದೆ.

ನಮ್ಮವರಿಗೆ ಇದು ಅರ್ಥವಾಗುವುದು ಸ್ವಲ್ಪ ಕಷ್ಟ. ಕೊಡಗಿನಲ್ಲಿ ಕೋವಿ ಮನೆಯ ಸದಸ್ಯನ ಹಾಗೆ. ಮಗು ಹುಟ್ಟಿದರೂ ಗುಂಡು, ಹಿರಿಯರು ತೀರಿಕೊಂಡರೂ ಗುಂಡು. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯದ ಜಮೀನಿನ ಹಿಡುವಳಿದಾರರಿಗೂ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ. ಆದರೆ ಆ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ಒಯ್ಯುವುದಕ್ಕೆ. ತೋಟಾ ತಯಾರಿಸುವುದಕ್ಕೆ ಅಲ್ಲ. ಅಲ್ಲಿ ಕಲಿತದ್ದನ್ನು ಇಲ್ಲಿಗೆ ತಂದು ಮಾಡುವ ಯೋಚನೆ ಬೇಡ.

ಈಗ ಪ್ರೆಸ್ಸಿಗೆ ಬರೋಣ. ನಳಿಗೆಯ ಬಾಯಿಂದ ಮದ್ದು ತುಂಬುವ ಅಜ್ಜಂದಿರ ಕೇಪಿನ ಕೋವಿ ನೋಡಿದವರಿಗೆ ಕೆಲಸ ಬೇಗ ಅರ್ಥವಾಗುತ್ತದೆ. ಕೇಪಿನ ಜಾಗದಲ್ಲಿ ಪ್ರೈಮರ್. ಮದ್ದು ಮತ್ತು ಗುಂಡು ನಳಿಗೆಯ ಬದಲು ಹಿತ್ತಾಳೆ ಕೇಸಿನೊಳಗೆ. ಹೊಡೆದ ಕೇಸನ್ನು ಮತ್ತೆ ಅಳತೆಗೆ ತರಬೇಕು, ಹಳೆ ಪ್ರೈಮರ್ ತೆಗೆದು ಹೊಸದು ಕೂರಿಸಬೇಕು, ಬಾಯಿ ಸ್ವಲ್ಪ ಅಗಲಿಸಿ ಮದ್ದು ಹಾಕಬೇಕು, ಬುಲೆಟ್ ಕೂರಿಸಿ ಬಾಯಿ ಬಿಗಿಯಬೇಕು. ಸಿಂಗಲ್ ಸ್ಟೇಜ್ ಪ್ರೆಸ್ಸಿನಲ್ಲಿ ಇವನ್ನೆಲ್ಲ ಒಂದೊಂದಾಗಿ ಮಾಡುತ್ತೇವೆ. ಪ್ರೋಗ್ರೆಸಿವ್ ಪ್ರೆಸ್ಸಿನಲ್ಲಿ ಕೇಸ್‌ಗಳು ಚೌಕಾಬಾರದ ಕಾಯಿಗಳ ಹಾಗೆ ಮನೆಯಿಂದ ಮನೆಗೆ ಮುಂದೆ ಹೋಗುತ್ತವೆ. ಒಂದು ಸಲ ಹಿಡಿ ಎಳೆದರೆ ಎಲ್ಲ ಮನೆಯಲ್ಲೂ ಒಂದೊಂದು ಕೆಲಸ ಆಗುತ್ತದೆ, ಒಂದು ತೋಟಾ ಹೊರಗೆ ಬೀಳುತ್ತದೆ.

ಎಷ್ಟು ಬೇಗ ಆಗುತ್ತದೆ ಅನ್ನುವುದನ್ನೇ ಎಲ್ಲರೂ ಮೊದಲು ಕೇಳುತ್ತಾರೆ. ನಾನು ಬೇರೆ ಪ್ರಶ್ನೆ ಕೇಳುತ್ತೇನೆ. ತಿಂಗಳಿಗೆ ಎಷ್ಟು ಗುಂಡು ಹೊಡೆಯುತ್ತೀರಿ? ಬುಲೆಟ್ ಕೂರಿಸುವ ಮೊದಲು ಪ್ರತಿ ಕೇಸಿನೊಳಗೂ ನಿಮ್ಮ ಕಣ್ಣು ಹೋಗುತ್ತದಾ? ಈ ಎರಡಕ್ಕೆ ಉತ್ತರ ಸಿಕ್ಕರೆ ಯಾವ ಪ್ರೆಸ್ ಎಂಬುದು ಮುಕ್ಕಾಲು ಪಾಲು ತೀರ್ಮಾನವಾದ ಹಾಗೆ.

ತಿಂಗಳಿಗೆ ನೂರರ ಒಳಗೆ ಹೊಡೆಯುವವರಿಗೆ ಪ್ರೋಗ್ರೆಸಿವ್ ಬೇಡವೇ ಬೇಡ. ಆರ್‌ಸಿಬಿಎಸ್ ರಾಕ್ ಚಕ್ಕರ್ ಅಥವಾ ಲೀ ಕ್ಲಾಸಿಕ್ ಕಾಸ್ಟ್ ಎಂಬ ಸಿಂಗಲ್ ಸ್ಟೇಜ್ ಪ್ರೆಸ್ ಸಾಕು. ಅವು ತಲೆಮಾರು ಬಾಳುವ ವಸ್ತು. ಇನ್ನೂರು ಮುನ್ನೂರು ಹೊಡೆಯುವವರು ಲೀ ಕ್ಲಾಸಿಕ್ ಟರೆಟ್ ನೋಡಿ. ನಾಲ್ಕು ಸಲ ಹಿಡಿ ಎಳೆದರೆ ಒಂದು ತೋಟಾ. ಡೈಗಳನ್ನು, ಅಂದರೆ ಒಂದೊಂದು ಕೆಲಸ ಮಾಡುವ ಅಚ್ಚುಗಳನ್ನು, ಕೂರಿಸಿದ ಅದರ ತಲೆಯನ್ನು ತಿರುಗಿಸುವ ಸಲಾಕೆ ತೆಗೆದರೆ ಸಿಂಗಲ್ ಸ್ಟೇಜ್ ಆಗುತ್ತದೆ. ಕಲಿಯಲು ಇದಕ್ಕಿಂತ ಒಳ್ಳೆಯದು ನಾನು ನೋಡಿಲ್ಲ.

ಅದಕ್ಕಿಂತ ಜಾಸ್ತಿ ಹೊಡೆಯುವವರಿಗೆ ಪ್ರೋಗ್ರೆಸಿವ್. ಇದರಲ್ಲಿ ಹೆಚ್ಚು ಕೇಳಿಬರುವ ಹೆಸರು ಅರಿಜೋನಾದ್ದೇ ಆದ ಡಿಲ್ಲನ್ ಕಂಪನಿ. ಅವರ 550ರಲ್ಲಿ ನಾಲ್ಕು ಸ್ಟೇಷನ್, ಅಂದರೆ ನಾಲ್ಕು ಮನೆ. ಕೇಸ್‌ಗಳು ಕೂರುವ ತಟ್ಟೆಯನ್ನು ನಾವೇ ಬೆರಳಿನಿಂದ ತಿರುಗಿಸಬೇಕು. ತುಂಬ ಜನ ಇದನ್ನು ಕೊರತೆ ಅನ್ನುತ್ತಾರೆ. ನನಗೆ ಅದೇ ಅದರ ಗುಣ. ನೀವು ತಿರುಗಿಸದೆ ಏನೂ ಮುಂದೆ ಹೋಗುವುದಿಲ್ಲ, ಎಲ್ಲಿ ನಿಲ್ಲಿಸಿದಿರೋ ಅಲ್ಲೇ ಇರುತ್ತದೆ. ತಿರುಗಿಸುವುದನ್ನು ಮರೆತು ಮತ್ತೆ ಹಿಡಿ ಎಳೆದರೆ ಮಾತ್ರ ಒಂದೇ ಕೇಸಿಗೆ ಎರಡು ಸಲ ಮದ್ದು ಬೀಳುತ್ತದೆ. ಅದು ದೊಡ್ಡ ಅಪಾಯ. ಬೇರೆ ಬೇರೆ ಅಳತೆಯ ತೋಟಾ ತುಂಬುವವರಿಗೆ 550 ಸುಲಭ. ಡೈ ಕೂರಿಸಿದ ತಲೆಯನ್ನೇ ಹಾಗೆ ಎಳೆದು ತೆಗೆದು ಬೇರೆಯದನ್ನು ಹಾಕಬಹುದು.

ಡಿಲ್ಲನ್ 750 ಐದು ಸ್ಟೇಷನ್ನಿನದು, ತಾನಾಗಿ ತಿರುಗುತ್ತದೆ. 2019ರಲ್ಲಿ ಅವರದೇ ಹಳೆಯ 650ರ ಜಾಗಕ್ಕೆ ಬಂತು. ಐದನೇ ಸ್ಟೇಷನ್ ಇರುವುದರಿಂದ ಪೌಡರ್ ಚೆಕ್ ಎಂಬ ಡೈ ಹಾಕಬಹುದು. ಕೇಸಿನಲ್ಲಿ ಮದ್ದು ಕಡಿಮೆಯಾದರೆ ಅಥವಾ ಜಾಸ್ತಿಯಾದರೆ ಅದು ಎಚ್ಚರಿಸುತ್ತದೆ. ಹಾರ್ನಡಿ ಲಾಕ್-ಎನ್-ಲೋಡ್ ಎಪಿ ಕೂಡ ಐದು ಸ್ಟೇಷನ್ನಿನದು. ಅದರ ತಟ್ಟೆ ಹಿಡಿ ಇಳಿಯುವಾಗ ಅರ್ಧ, ಏರುವಾಗ ಅರ್ಧ ತಿರುಗುತ್ತದೆ. ಅದಕ್ಕೇ ಕೇಸ್ ಕುಲುಕಿ ಮದ್ದು ಚೆಲ್ಲುವುದು ಕಡಿಮೆ. ಲೀ ಕಂಪನಿಯ ಸಿಕ್ಸ್ ಪ್ಯಾಕ್ ಪ್ರೋದಲ್ಲಿ ಆರು ಸ್ಟೇಷನ್, ಬೆಲೆಯೂ ಕಡಿಮೆ. ಆದರೆ ಹೊಂದಿಸುತ್ತಾ ಕೂರುವ ತಾಳ್ಮೆ ಬೇಕು. ಡಿಲ್ಲನ್ 1100 ಎಂಟು ಸ್ಟೇಷನ್ನಿನ ದೊಡ್ಡ ಯಂತ್ರ, 2,000 ಡಾಲರಿಗೂ ಜಾಸ್ತಿ. ಮಿಲಿಟರಿ ಕೇಸ್‌ಗಳಲ್ಲಿ ಪ್ರೈಮರ್ ಕೂರುವ ಗುಂಡಿಯ ಅಂಚಿನ ಬಿಗಿಯನ್ನೂ ಅದೇ ಸರಿ ಮಾಡುತ್ತದೆ. 550, 750ಕ್ಕೆ ಜೀವನಪೂರ್ತಿ ವಾರಂಟಿ ಇದೆ, 1100ಕ್ಕೆ ಇಲ್ಲ. ವಾರ ವಾರ ಸ್ಪರ್ಧೆಗೆ ಹೋಗುವವರಿಗೆ ಬಿಟ್ಟರೆ ಮನೆಗೆ ಅದು ಬೇಡ.

ಊರಿನ 12 ಬೋರಿನ ಅಭ್ಯಾಸ ಇರುವವರು ಮೆಕ್ ಕಂಪನಿಯ ಪ್ರೆಸ್ ಕೇಳುತ್ತಾರೆ. ಮೆಕ್ 600 ಜೂನಿಯರ್ ಒಂದೊಂದೇ ತುಂಬುತ್ತದೆ, 9000 ಪ್ರೋಗ್ರೆಸಿವ್. ಅಂಗಡಿಯ ಸಾಧಾರಣ ಚರೆ ತೋಟಾ ಅಗ್ಗ ಇರುವುದರಿಂದ ಉಳಿತಾಯ ಕಡಿಮೆ. .22 ತೋಟಾವನ್ನು ಮನೆಯಲ್ಲಿ ತುಂಬುವ ಹಾಗೇ ಇಲ್ಲ. ಅದರ ಕೇಪಿನ ಮದ್ದು ಕೇಸಿನ ಅಂಚಿನೊಳಗೇ ಇರುತ್ತದೆ.

ಕೇಸಿನೊಳಗೆ ಕಣ್ಣು ಹಾಯಿಸುವ ಮಾತನ್ನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಎಂದರೆ, 2018ರ ಆಗಸ್ಟ್. ಕೊಡಗಿನಲ್ಲಿ ಗುಡ್ಡ ಕುಸಿದ ದಿನಗಳು. ರಾತ್ರಿ ಗ್ಯಾರೇಜಿನಲ್ಲಿ ಪ್ರೆಸ್ ಮುಂದೆ ಕೂತಿದ್ದೆ. ಅದು ತಾನಾಗಿ ತಿರುಗುವ ಪ್ರೆಸ್, ಪೌಡರ್ ಚೆಕ್ ಹಾಕಿರಲಿಲ್ಲ. ಅಮ್ಮನ ಫೋನ್ ಬಂತು. ಮಾದಾಪುರದ ಕಡೆ ಇದ್ದ ನೆಂಟರ ಸುದ್ದಿ. ಹಿಡಿಯನ್ನು ಅರ್ಧದಲ್ಲಿ ಬಿಟ್ಟು ಎದ್ದೆ. ಮುಕ್ಕಾಲು ಗಂಟೆ ಬಿಟ್ಟು ಬಂದು, ಸಿಕ್ಕಿಕೊಂಡಿದ್ದ ಕೇಸ್ ಒಂದನ್ನು ತೆಗೆದು, ಮತ್ತೆ ಇಟ್ಟು, ಕೆಲಸ ಮುಂದುವರಿಸಿದೆ. ಎರಡು ವಾರ ಕಳೆದು ರೇಂಜಿನಲ್ಲಿ ಹೊಡೆಯುವಾಗ ಒಂದು ತೋಟಾ ಸುಮ್ನೆ ‘ಟಪ್’ ಅಂದಿತು. ಕೈಗೆ ಒದೆತವೇ ಇಲ್ಲ. ಇನ್ನೊಂದು ಹೊಡೆಯಲು ಬೆರಳು ಎತ್ತಿದ್ದೆ. ಪಕ್ಕದ ಸಾಲಿನಲ್ಲಿದ್ದ ಹಿರಿಯರೊಬ್ಬರು ‘ನಿಲ್ಲಿಸು’ ಎಂದು ಕೂಗಿದರು. ಬಿಚ್ಚಿ ನೋಡಿದರೆ ಬುಲೆಟ್ ನಳಿಗೆಯ ನಡುವೆ ಸಿಕ್ಕಿಕೊಂಡಿತ್ತು. ಕೇಸಿನಲ್ಲಿ ಮದ್ದೇ ಇರಲಿಲ್ಲ. ಅದರ ಹಿಂದೆ ಇನ್ನೊಂದು ಗುಂಡು ಹೋಗಿದ್ದರೆ ನಳಿಗೆ ಒಡೆಯುತ್ತಿತ್ತು. ಆ ದಿನ ತುಂಬಿದ್ದ ಎಲ್ಲ ತೋಟಾಗಳನ್ನೂ ಬಿಚ್ಚಿ ಹಾಕಿದೆ. ತಪ್ಪು ಪ್ರೆಸ್ಸಿನದಲ್ಲ, ನನ್ನದು.

ಅವತ್ತಿನಿಂದ ಗ್ಯಾರೇಜಿಗೆ ಫೋನ್ ಒಯ್ಯುವುದಿಲ್ಲ. ಮದ್ದು ಬೀಳುವ ಸ್ಟೇಷನ್ ಮೇಲೆ ಸಣ್ಣ ಎಲ್‌ಇಡಿ ದೀಪ ಹಾಕಿದ್ದೇನೆ. ಹಿಡಿ ಅರ್ಧದಲ್ಲಿ ನಿಂತರೆ ತಟ್ಟೆಯ ಮೇಲಿರುವ ಎಲ್ಲ ಕೇಸ್‌ಗಳನ್ನೂ ತೆಗೆದು, ಮದ್ದನ್ನು ವಾಪಸ್ ಡಬ್ಬಿಗೆ ಸುರಿದು, ಮೊದಲಿಂದ ಶುರು. ಮೇಜಿನ ಮೇಲೆ ಒಂದೇ ಜಾತಿಯ ಮದ್ದಿನ ಡಬ್ಬಿ ಇರಬೇಕು. ಮದ್ದಿನ ಪ್ರಮಾಣವನ್ನು ಕಂಪನಿಗಳು ಅಚ್ಚು ಹಾಕಿಸಿದ ಕೈಪಿಡಿಯಿಂದಲೇ ತೆಗೆದುಕೊಳ್ಳಿ, ಅದರಲ್ಲಿರುವ ಕಡಿಮೆ ಅಳತೆಯಿಂದ ಶುರು ಮಾಡಿ. ಗೆಳೆಯರ ಬಾಯಿಮಾತು ಬೇಡ, ನನ್ನದೂ ಬೇಡ. ಮೊದಲ ಸಾವಿರ ತೋಟಾ ಆಗುವವರೆಗೆ ಪ್ರೋಗ್ರೆಸಿವ್‌ನಲ್ಲೂ ಒಂದು ಸಲಕ್ಕೆ ಒಂದೇ ಕೇಸ್ ಇಟ್ಟು ತಿರುಗಿಸಿ.

ಸಾಮಾನು ಇಡುವುದಕ್ಕೂ ಅಳತೆ ಇದೆ. ಅಲ್ಲಿನ ಅಗ್ನಿ ಸುರಕ್ಷತೆಯ ಎನ್‌ಎಫ್‌ಪಿಎ 495 ನಿಯಮದ ಪ್ರಕಾರ ಮನೆಯಲ್ಲಿ ಮದ್ದು 20 ಪೌಂಡ್‌ವರೆಗೆ, ಅದೂ ಮೂಲ ಡಬ್ಬಿಯಲ್ಲೇ. ಪ್ರೈಮರ್ 10,000ದ ಒಳಗೆ. ನಿಮ್ಮ ಊರಿನ ನಿಯಮ ಇದಕ್ಕಿಂತ ಬಿಗಿ ಇರಬಹುದು, ಬಾಡಿಗೆ ಮನೆಯ ಕರಾರು ಇನ್ನೂ ಬಿಗಿ ಇರಬಹುದು. ಎರಡನ್ನೂ ಓದಿ. ಪ್ರೈಮರ್ ತುಂಬುವಾಗ ಕಣ್ಣಿನ ರಕ್ಷಣೆಯ ಕನ್ನಡಕ ಕಡ್ಡಾಯ. ಸಣ್ಣ ಮಕ್ಕಳಿರುವ ಮನೆಯಾದರೆ ಹೊಡೆದ ಕೇಸ್‌ಗಳಿಂದ ಏಳುವ ಸೀಸದ ಧೂಳನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕೇಸ್ ತೊಳೆಯುವುದನ್ನು ಒಣ ಪುಡಿಯಲ್ಲಿ ಮಾಡದೆ ನೀರಿನಲ್ಲಿ ಮಾಡಿ. ಕೈ ತೊಳೆಯದೆ ಮಗುವನ್ನು ಎತ್ತಿಕೊಳ್ಳಬೇಡಿ, ಆ ಬಟ್ಟೆಯನ್ನು ಮಗುವಿನ ಬಟ್ಟೆ ಜೊತೆ ಹಾಕಬೇಡಿ. ಸ್ವಂತಕ್ಕೆ ತುಂಬಿಕೊಳ್ಳಲು ಫೆಡರಲ್ ಲೈಸೆನ್ಸ್ ಬೇಡ, ಮಾರಲು ಬೇಕು. ಗೆಳೆಯರು ದುಡ್ಡು ಕೊಡುತ್ತೇನೆ ಅಂದರೂ ಬೇಡ ಅನ್ನಿ.

ಊರಿಗೆ ಬರುವಾಗ ರೇಂಜಿಗೆ ಒಯ್ಯುವ ಬ್ಯಾಗಿನಲ್ಲಿ ಬಟ್ಟೆ ತುಂಬಬೇಡಿ. ಹೊಲಿಗೆಯ ಸಂದಿಯಲ್ಲಿ ಒಂದೇ ಒಂದು ತೋಟಾ ಉಳಿದಿದ್ದರೂ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಆಯುಧ ಕಾಯ್ದೆಯ ಕೇಸು ಬೀಳುತ್ತದೆ, ಹಬ್ಬಕ್ಕೆ ಬಂದವರು ಠಾಣೆಯಲ್ಲಿ ಕೂರಬೇಕಾಗುತ್ತದೆ. ನಾನು ಊರಿಗೆಂದೇ ಒಂದು ಸೂಟ್‌ಕೇಸ್ ಇಟ್ಟಿದ್ದೇನೆ. ಅದು ಗ್ಯಾರೇಜಿನ ಬಾಗಿಲನ್ನೂ ನೋಡಿಲ್ಲ.