ದುಡಿಯುವ ಎಳೆಯ ನಾಯಿಯ ಹಲ್ಲು ಮುರಿದಾಗ: ಯಾವುದನ್ನು ಉಳಿಸಬೇಕು, ಯಾವುದನ್ನು ಕೀಳಿಸಬೇಕು

ಕಾವಲು ಕಾಯುವ, ದನ ಕುರಿಗಳ ಹಿಂಡನ್ನು ಹತೋಟಿಯಲ್ಲಿಡುವ, ಆರೋಪಿಯನ್ನು ಕಚ್ಚಿ ಹಿಡಿಯಲು ಪಳಗುತ್ತಿರುವ ನಾಯಿಗೆ ಬಾಯಿಯೇ ಕೈ. ಅಂಥ ನಾಯಿಯ ಹಲ್ಲು ಮುರಿದಾಗ ಸಾಕಿದವರು ಮೊದಲು ಗಮನಿಸುವುದು ಅದು ಊಟ ಮಾಡುತ್ತಿದೆಯೇ ಎಂಬುದನ್ನು. ಆದರೆ ಇದರಿಂದ ಏನೂ ತಿಳಿಯುವುದಿಲ್ಲ, ಏಕೆಂದರೆ ಹಲ್ಲಿನ ಒಳಗಿನ ತಿರುಳು ಹೊರಗೆ ಬಿದ್ದಿದ್ದರೂ ಹೆಚ್ಚಿನ ನಾಯಿಗಳು ಊಟ ಬಿಡುವುದಿಲ್ಲ, ಕೆಲಸದ ಉತ್ಸಾಹವಿರುವ ನಾಯಿಗಳಂತೂ ನೋವನ್ನು ಸುಲಭವಾಗಿ ತೋರಗೊಡುವುದಿಲ್ಲ. ನಿಜವಾಗಿ ತಿಳಿಯಬೇಕಾದದ್ದು ಎರಡು ಸಂಗತಿ: ಮುರಿದದ್ದು ಹಾಲುಹಲ್ಲೋ ಶಾಶ್ವತ ಹಲ್ಲೋ, ಮತ್ತು ಮುರಿದ ಜಾಗದಲ್ಲಿ ತಿರುಳು ತೆರೆದುಕೊಂಡಿದೆಯೋ ಇಲ್ಲವೋ.

ಮರಿಗೆ 28 ಹಾಲುಹಲ್ಲುಗಳಿರುತ್ತವೆ. ಅವು ಹುಟ್ಟಿದ ಮೂರನೆಯ ವಾರದ ಹೊತ್ತಿಗೆ ಮೂಡತೊಡಗುತ್ತವೆ. ಏಳು ತಿಂಗಳ ಹೊತ್ತಿಗೆ ಅವುಗಳ ಜಾಗದಲ್ಲಿ ಮತ್ತು ಹಿಂಬದಿಯಲ್ಲಿ 42 ಶಾಶ್ವತ ಹಲ್ಲುಗಳು ಬಂದಿರುತ್ತವೆ, ಕೋರೆಹಲ್ಲುಗಳು ಸಾಮಾನ್ಯವಾಗಿ ಐದಾರು ತಿಂಗಳಲ್ಲಿ ಮೂಡುತ್ತವೆ. ಹಾಲುಹಲ್ಲಿನ ಕೋರೆ ತೆಳ್ಳಗೆ, ಮೊನಚಾಗಿ, ಉದ್ದ ಬೇರಿನೊಂದಿಗೆ ಇರುವುದರಿಂದ ಬಟ್ಟೆ ಎಳೆದಾಡುವ ಆಟದಲ್ಲೂ ಮುರಿಯಬಲ್ಲದು. ಹೇಗಿದ್ದರೂ ಬಿದ್ದುಹೋಗುವ ಹಲ್ಲು ಎಂದು ಅದನ್ನು ಹಾಗೆಯೇ ಬಿಡಬಾರದು. ತೆರೆದ ತಿರುಳಿನ ಮೂಲಕ ಇಳಿಯುವ ಸೋಂಕು ಬೇರಿನ ತುದಿಯಲ್ಲಿ ಕೀವು ಕಟ್ಟಿಸುತ್ತದೆ, ಅದರ ಪಕ್ಕದಲ್ಲೇ ಬೆಳೆಯುತ್ತಿರುವ ಶಾಶ್ವತ ಹಲ್ಲಿನ ಮೊಳಕೆಗೂ ಹಾನಿ ತಟ್ಟುತ್ತದೆ. ಆ ಹಲ್ಲು ಮುಂದೆ ಎನಾಮಲ್ ಸರಿಯಾಗಿ ಕೂಡದೆ ಹುಳುಕಾದಂತೆ ಹೊರಬರಬಹುದು. ಆದ್ದರಿಂದ ಮುರಿದ ಹಾಲುಹಲ್ಲನ್ನು ಉಳಿಸುವ ಪ್ರಯತ್ನ ಮಾಡದೆ ಪಶುವೈದ್ಯರಿಂದ ಕೀಳಿಸುವುದೇ ಸರಿ. ಮನೆಯಲ್ಲಿ ಇಕ್ಕಳ ಹಿಡಿದು ಕೀಳಲು ಹೋದರೆ ಬೇರು ಒಳಗೇ ತುಂಡಾಗಿ ಉಳಿಯುತ್ತದೆ.

ಮುರಿಯದಿದ್ದರೂ ಬೀಳದೆ ನಿಂತ ಹಾಲುಹಲ್ಲಿಗೆ ಇದೇ ಮಾತು ಸಲ್ಲುತ್ತದೆ. ಒಂದೇ ಜಾಗದಲ್ಲಿ ಎರಡು ಹಲ್ಲುಗಳು ಒಟ್ಟಿಗೆ ಇರಬಾರದು. ಮೇಲಿನ ಶಾಶ್ವತ ಕೋರೆ ಹಾಲುಕೋರೆಯ ಮುಂದೆ ಮೂಡುತ್ತದೆ, ಕೆಳಗಿನದು ಅದರ ಒಳಬದಿಯಲ್ಲಿ, ನಾಲಿಗೆಯ ಕಡೆಗೆ ಮೂಡುತ್ತದೆ. ಹಳೆಯದು ಜಾಗ ಬಿಡದಿದ್ದರೆ ಕೆಳಗಿನ ಹೊಸ ಕೋರೆ ಒಳಕ್ಕೆ ವಾಲಿ ಅಂಗುಳಕ್ಕೆ ಚುಚ್ಚತೊಡಗುತ್ತದೆ.

ಬಾಯಿಯನ್ನು ನೋಡುವ ಕ್ರಮವೂ ಮುಖ್ಯ. ನಾಯಿ ಶಾಂತವಾಗಿರುವಾಗ, ಬಾಯಿಯನ್ನು ಬಲವಂತವಾಗಿ ಅಗಲಿಸದೆ, ತುಟಿಯನ್ನು ಮಾತ್ರ ಮೇಲೆತ್ತಿ ಟಾರ್ಚ್ ಬೆಳಕಿನಲ್ಲಿ ಒಂದೊಂದೇ ಹಲ್ಲನ್ನು ಎದುರು ಬದಿಯ ಜೋಡಿಯೊಂದಿಗೆ ಹೋಲಿಸಿ ನೋಡಬೇಕು. ಮುರಿದ ಮೇಲ್ಮೈಯ ನಡುವೆ ಕೆಂಪು ಚುಕ್ಕೆಯಿದ್ದು ಅದರಿಂದ ರಕ್ತ ಜಿನುಗುತ್ತಿದ್ದರೆ ತಿರುಳು ಈಗಷ್ಟೇ ತೆರೆದಿದೆ ಎಂದರ್ಥ. ಅದೇ ಜಾಗದಲ್ಲಿ ಕಪ್ಪು ರಂಧ್ರ ಕಂಡರೆ ಗಾಯ ಹಳೆಯದು, ತಿರುಳು ಬಹುಶಃ ಸತ್ತಿದೆ. ನಿಧಾನವಾಗಿ ಸವೆದ ಹಲ್ಲಿನಲ್ಲಿ ಮಾತ್ರ ನಡುವೆ ಕಂದು ಬಣ್ಣದ, ಹೊಳಪಿನ, ಗಟ್ಟಿಯಾದ ಮಚ್ಚೆ ಕಾಣುತ್ತದೆ. ಅದು ಹಲ್ಲು ತನ್ನನ್ನು ಕಾಪಾಡಿಕೊಳ್ಳಲು ಒಳಗಿನಿಂದ ಕಟ್ಟಿಕೊಂಡ ಹೊಸ ಪದರ. ಈ ಎರಡರ ವ್ಯತ್ಯಾಸವನ್ನು ಖಚಿತವಾಗಿ ಹೇಳಲು ಅರಿವಳಿಕೆಯಲ್ಲಿ ಸಲಾಕೆಯಿಂದ ತಡವಿ, ಎಕ್ಸ್-ರೇ ತೆಗೆದೇ ನೋಡಬೇಕಾಗುತ್ತದೆ. ಮುರಿಯದೆಯೇ ಗುಲಾಬಿ, ನೇರಳೆ ಅಥವಾ ಬೂದು ಬಣ್ಣಕ್ಕೆ ತಿರುಗಿದ ಹಲ್ಲನ್ನೂ ಕಡೆಗಣಿಸಬಾರದು. ಪೆಟ್ಟು ಬಿದ್ದು ಒಳಗೆ ರಕ್ತ ಸೋರಿರುತ್ತದೆ, ಹೆಚ್ಚಿನ ಪಾಲು ಅಂಥ ಹಲ್ಲಿನ ತಿರುಳು ಬದುಕಿ ಉಳಿಯುವುದಿಲ್ಲ.

ಬಾಯಿಗಿಂತ ಮೊದಲು ಕೆಲಸವೇ ಸುಳಿವು ಕೊಡುವುದುಂಟು. ಪೂರ್ತಿ ಬಾಯಿಂದ ಹಿಡಿಯುತ್ತಿದ್ದ ನಾಯಿ ಈಗ ಮುಂದಿನ ಹಲ್ಲುಗಳಲ್ಲಿ ಮಾತ್ರ ಹಿಡಿಯುವುದು, ಹಿಡಿತವನ್ನು ಪದೇ ಪದೇ ಬದಲಾಯಿಸುವುದು, ಎಳೆದ ಕೂಡಲೇ ಬಿಟ್ಟುಬಿಡುವುದು, ತರಬೇತಿಯಲ್ಲಿ ಕಚ್ಚಿ ತರುವ ಮರದ ಡಂಬೆಲ್ ಎತ್ತಲು ಹಿಂಜರಿಯುವುದು, ಒಂದೇ ಬದಿಯಲ್ಲಿ ಜಗಿಯುವುದು ಇವನ್ನೆಲ್ಲ ಹಟವೆಂದೋ ಅಂಜಿಕೆಯೆಂದೋ ತಿಳಿದು ಗದರಿಸುವ ಮುನ್ನ ಬಾಯಿ ನೋಡಬೇಕೆಂದು ಪ್ರತಿಯೊಬ್ಬ ತರಬೇತುದಾರರಲ್ಲೂ ಕೇಳಿಕೊಳ್ಳುತ್ತೇನೆ. ನೋವಿಗೆ ಶಿಕ್ಷೆ ಸಿಕ್ಕರೆ ಆ ಎಳೆಯ ನಾಯಿಗೆ ಕೆಲಸದ ಮೇಲಿನ ನಂಬಿಕೆಯೇ ಹೋಗುತ್ತದೆ.

ಮುರಿದದ್ದು ಶಾಶ್ವತ ಹಲ್ಲಾಗಿದ್ದು, ತಿರುಳು ಕಾಣುತ್ತಿದ್ದರೆ ಪ್ರತಿ ಗಂಟೆಗೂ ಬೆಲೆಯಿದೆ. ಹೊಸದಾಗಿ ಮೂಡಿದ ಹಲ್ಲಿನ ಗೋಡೆ ತೆಳು, ತಿರುಳಿನ ಕೋಣೆ ಅಗಲ, ಬೇರಿನ ತುದಿ ಇನ್ನೂ ತೆರೆದಿರುತ್ತದೆ. ಗೋಡೆಯನ್ನು ವರ್ಷಗಟ್ಟಲೆ ಒಳಗಿನಿಂದ ದಪ್ಪವಾಗಿಸುವುದು ಆ ತಿರುಳೇ ಆದ್ದರಿಂದ, ಅದು ಸತ್ತ ದಿನವೇ ಹಲ್ಲಿನ ಬೆಳವಣಿಗೆ ನಿಲ್ಲುತ್ತದೆ, ಹಲ್ಲು ನೋಡಲು ದೊಡ್ಡದಾಗಿದ್ದರೂ ಒಳಗೆ ಪೊಳ್ಳಾಗಿಯೇ ಉಳಿಯುತ್ತದೆ. ಇದನ್ನು ತಪ್ಪಿಸಲು ತಿರುಳಿನ ಮೇಲಿನ ಸೋಂಕಿತ ಭಾಗವನ್ನಷ್ಟೇ ತೆಗೆದು, ಉಳಿದ ಜೀವಂತ ಭಾಗದ ಮೇಲೆ ಔಷಧದ ಲೇಪ ಹಾಕಿ ಮುಚ್ಚುವ ಚಿಕಿತ್ಸೆಯಿದೆ. ಹಲ್ಲು ಮುರಿದ 48 ಗಂಟೆಗಳೊಳಗೆ ಮಾಡಿದರೆ ಅದು ಫಲಿಸುವ ಸಾಧ್ಯತೆ ಹೆಚ್ಚು, ತಡವಾದಷ್ಟೂ ಕಡಿಮೆ. ಆದ್ದರಿಂದ ಅದೇ ದಿನ ಹಲ್ಲಿನ ಚಿತ್ರ ತೆಗೆದು ವೈದ್ಯರಿಗೆ ಕಳುಹಿಸಿ, ಹಲ್ಲಿನ ಚಿಕಿತ್ಸೆಯಲ್ಲಿ ಪರಿಣತಿಯಿರುವವರ ಬಳಿಗೆ ಕಳುಹಿಸಿಕೊಡುವಂತೆ ಕೇಳಿ. ಕಚ್ಚುವ, ಎಳೆಯುವ ಕೆಲಸವನ್ನೆಲ್ಲ ನಿಲ್ಲಿಸಿ. ಮನುಷ್ಯರ ನೋವಿನ ಮಾತ್ರೆ ಕೊಡಲೇಬೇಡಿ. ಐಬುಪ್ರೊಫೆನ್ ನಾಯಿಗೆ ವಿಷ, ಪ್ಯಾರಾಸಿಟಮಾಲ್ ಕೂಡ ಅಪಾಯಕಾರಿ.

ಹಲ್ಲು ಇಡಿಯಾಗಿ ಕಳಚಿ ಬಿದ್ದಿದ್ದರೆ ಬೇರನ್ನು ಮುಟ್ಟದೆ ಮೇಲ್ಭಾಗವನ್ನಷ್ಟೇ ಹಿಡಿದೆತ್ತಿ, ಉಜ್ಜದೆ, ತಣ್ಣನೆಯ ಹಾಲಿನಲ್ಲಿ ಮುಳುಗಿಸಿ, ಒಂದು ಗಂಟೆಯೊಳಗೆ ವೈದ್ಯರನ್ನು ತಲುಪಲು ಪ್ರಯತ್ನಿಸಿ. ಶಾಶ್ವತ ಹಲ್ಲನ್ನು ಮರಳಿ ಕೂಡಿಸುವುದು ಕೆಲವೊಮ್ಮೆ ಸಾಧ್ಯವಾಗುತ್ತದೆ.

ಇನ್ನು ಕೀಳಿಸುವ ವಿಚಾರ. ಬಾಚಿಹಲ್ಲು ಒಂದೆರಡು ಹೋದರೆ ಕೆಲಸಕ್ಕೆ ದೊಡ್ಡ ಅಡ್ಡಿಯಾಗದು. ಕೋರೆಹಲ್ಲಿನ ಮಾತು ಬೇರೆ: ಅದರ ಬೇರು ಹೊರಗೆ ಕಾಣುವ ಭಾಗಕ್ಕಿಂತ ಉದ್ದ, ಕೆಳದವಡೆಯ ಮುಂಭಾಗದ ಬಹುಪಾಲನ್ನು ಅದೇ ತುಂಬಿರುತ್ತದೆ, ಮೇಲಿನ ಕೋರೆಯ ಬೇರಿಗೂ ಮೂಗಿನ ಒಳಭಾಗಕ್ಕೂ ನಡುವೆ ಇರುವುದು ತೆಳುವಾದ ಮೂಳೆ. ತಿರುಳು ಸತ್ತರೂ ಬೇರು ಬಲಿತಿದ್ದರೆ ರೂಟ್ ಕೆನಾಲ್ ಮೂಲಕ ಅದನ್ನು ಉಳಿಸುವ ದಾರಿಯನ್ನು ಮೊದಲು ಕೇಳಬೇಕು. ಆದರೆ ಬೇರು ಸೀಳಿದ್ದರೆ, ಅಥವಾ ಉಳಿಸುವ ಚಿಕಿತ್ಸೆ ಕೈಗೆಟುಕದಿದ್ದರೆ, ಸೋಂಕಿತ ಹಲ್ಲನ್ನು ಬಾಯಲ್ಲಿ ಬಿಡುವುದಕ್ಕಿಂತ ಕೀಳಿಸುವುದು ಎಷ್ಟೋ ಮೇಲು; ಬರೀ ಆಂಟಿಬಯಾಟಿಕ್ ಕೊಟ್ಟು ಕಾಯುವುದರಿಂದ ಬಾವು ಇಳಿಯುತ್ತದೆಯೇ ಹೊರತು ಮೂಲ ಹೋಗುವುದಿಲ್ಲ. ಪೂರ್ಣ ಅರಿವಳಿಕೆ, ಕೀಳುವ ಮುನ್ನ ಮತ್ತು ಕಿತ್ತ ಮೇಲೆ ಎಕ್ಸ್-ರೇ, ಒಸಡನ್ನು ಬಿಡಿಸಿ ಮತ್ತೆ ಹೊಲಿಯುವುದು, ಮೂರು ಬೇರುಗಳಿರುವ ಮೇಲಿನ ದೊಡ್ಡ ದವಡೆಹಲ್ಲನ್ನು ತುಂಡರಿಸಿ ಒಂದೊಂದೇ ಬೇರು ತೆಗೆಯುವುದು, ಇವೆಲ್ಲ ಮಾಡುತ್ತಾರೆಯೇ ಎಂದು ಮುಂಚಿತವಾಗಿ ವಿಚಾರಿಸುವುದು ನಿಮ್ಮ ಹಕ್ಕು.

ಕಿತ್ತ ನಂತರ ಎರಡು ವಾರ ಮೆತ್ತಗಿನ ಆಹಾರ ಮಾತ್ರ ಕೊಡಬೇಕು, ಆಟಿಕೆ, ಕಡ್ಡಿ, ಹಗ್ಗ ಯಾವುದೂ ಬಾಯಿಗೆ ಸಿಗಬಾರದು. ಆಮೇಲೆ ವೈದ್ಯರು ಹೊಲಿಗೆ ನೋಡಿ ಒಪ್ಪಿದ ಮೇಲಷ್ಟೇ ಗಟ್ಟಿ ಆಹಾರ. ಮೇಲಿನ ಕೋರೆ ತೆಗೆಸಿದ ನಾಯಿ ನೀರು ಕುಡಿದಾಗ ಸೀನುತ್ತಿದ್ದರೆ ಅಥವಾ ಒಂದೇ ಹೊಳ್ಳೆಯಲ್ಲಿ ಸೋರುತ್ತಿದ್ದರೆ ಬಾಯಿಗೂ ಮೂಗಿಗೂ ದಾರಿ ಬಿದ್ದಿರಬಹುದು, ಕೂಡಲೇ ತೋರಿಸಿ. ಕೆಳಗಿನ ಕೋರೆ ತೆಗೆಸಿದ್ದರೆ ದವಡೆ ಮುರಿಯುವ ಭಯವಿರುವುದರಿಂದ, ಒಸಡು ಮಾಗಿದೆ ಎಂಬ ಕಾರಣಕ್ಕೆ ಕಚ್ಚುವ ತರಬೇತಿಗೆ ಮರಳಬಾರದು. ಮೂಳೆ ತುಂಬಲು ತಿಂಗಳುಗಳೇ ಬೇಕು, ಎಕ್ಸ್-ರೇ ನೋಡಿಯೇ ತೀರ್ಮಾನಿಸಬೇಕು. ಮರಳುವಾಗಲೂ ಮೆತ್ತನೆಯ ಬಟ್ಟೆಯಿಂದ, ಎಳೆತವಿಲ್ಲದೆ ಆರಂಭಿಸಬೇಕು.

ಹಲ್ಲು ಬದಲಾಗುವ ನಾಲ್ಕರಿಂದ ಏಳು ತಿಂಗಳ ಅವಧಿಯಲ್ಲಿ ಕಚ್ಚಿ ಎಳೆಯುವ ಪಾಠ ಬೇಡ. ಮೂಸುವ, ಹೇಳಿದ್ದನ್ನು ಕೇಳುವ ಪಾಠಗಳಿಗೆ ಆ ಕಾಲ ಸಾಕಷ್ಟಾಗುತ್ತದೆ. ಮೂಳೆ, ಜಿಂಕೆ ಕೊಂಬು, ಗೊರಸು, ಕಲ್ಲು ಇವು ದವಡೆಹಲ್ಲಿನ ಹೊರಪದರವನ್ನೇ ಸೀಳಿ ತೆಗೆಯುತ್ತವೆ. ಉಗುರಿನಿಂದ ಒತ್ತಿದರೆ ತಗ್ಗು ಬೀಳದ ವಸ್ತುವನ್ನು ಜಗಿಯಲು ಕೊಡಬಾರದು. ಬೋನಿನ ಕಂಬಿ ಕಚ್ಚುವ ನಾಯಿಯ ಕೋರೆಗಳು ಹಿಂಬದಿಯಿಂದ ಸವೆದು ಒಂದು ದಿನ ಲಟಕ್ಕನೆ ಮುರಿಯುತ್ತವೆ. ಆ ಸವೆತ ಕಂಡ ಕೂಡಲೇ ನಾಯಿಯ ಇರುನೆಲೆ ಬದಲಿಸಿ, ಹಲ್ಲು ಪೂರ್ತಿ ಬಲಿತ ಮೇಲೆ ಲೋಹದ ಕವಚ ಹಾಕಿಸಬಹುದೇ ಎಂದು ವೈದ್ಯರನ್ನು ಕೇಳಿ.