ವೈದ್ಯ ಸಂಶೋಧಕರ ಸೈಟೇಷನ್ ಲೆಕ್ಕ: ಅಂಕಿಯ ಹಿಂದಿನ ಪ್ರಬಂಧಗಳನ್ನು ನೋಡುವುದು ಹೇಗೆ?

‘ವಿಶ್ವದ ಶೇ 2ರ ಶ್ರೇಷ್ಠ ವಿಜ್ಞಾನಿಗಳ ಪಟ್ಟಿಯಲ್ಲಿ ನಮ್ಮ ವೈದ್ಯರು’ ಎಂಬ ಸುದ್ದಿ ಪ್ರತಿ ವರ್ಷ ಬರುತ್ತದೆ. ಸ್ಟ್ಯಾನ್‌ಫರ್ಡ್‌ನ ಜಾನ್ ಅಯೊನಿಡಿಸ್ ಮತ್ತು ಸಂಗಡಿಗರು ಸ್ಕೋಪಸ್ (ಪ್ರಬಂಧಗಳು ಮತ್ತು ಅವುಗಳ ಉಲ್ಲೇಖಗಳ ದತ್ತಸಂಚಯ) ದತ್ತಾಂಶದಿಂದ ತಯಾರಿಸುವ ಈ ಪಟ್ಟಿ ಒಂದಲ್ಲ, ಎರಡು. ಇಡೀ ವೃತ್ತಿಜೀವನದ್ದು ಒಂದು, ಒಂದೇ ವರ್ಷದ ಸೈಟೇಷನ್‌ಗಳದ್ದು (ಒಂದು ಪ್ರಬಂಧವನ್ನು ಇನ್ನೊಂದು ಪ್ರಬಂಧ ಉಲ್ಲೇಖಿಸುವುದು) ಇನ್ನೊಂದು. ಯಾವ ಪಟ್ಟಿ ಎಂದು ಸುದ್ದಿಯಲ್ಲಿ ಹೇಳಿರುವುದು ಅಪರೂಪ. ಸಂಶೋಧಕರ ಕೆಲಸದ ತೂಕ ತಿಳಿಯಬೇಕಿದ್ದರೆ ಪ್ರಬಂಧಗಳನ್ನೇ ತೆಗೆದು ನೋಡಬೇಕು. ಇದನ್ನು ದುಡ್ಡು ಕೊಡದೆ ಮನೆಯಲ್ಲೇ ಕೂತು ಮಾಡಬಹುದು.

ಮೊದಲು ಹೆಸರು ಖಚಿತವಾಗಲಿ

ಲೆಕ್ಕ ಹೆಚ್ಚಾಗಿ ಕೆಡುವುದು ಇಲ್ಲೇ. ಮನೆತನದ ಹೆಸರು ಬಳಸದವರು ನಮ್ಮಲ್ಲಿ ಬಹಳ. ಕೆ. ಎಸ್. ಮಂಜುನಾಥ ಎಂಬವರು ಒಂದು ಜರ್ನಲ್‌ನಲ್ಲಿ ‘ಮಂಜುನಾಥ ಕೆಎಸ್’ ಆಗಿರುತ್ತಾರೆ. ಇನಿಶಿಯಲ್ ಬಿಡಿಸಿ ಬರೆದ ಇನ್ನೊಂದರಲ್ಲಿ ತಂದೆಯ ಹೆಸರೇ ಸರ್‌ನೇಮ್ ಆಗಿ ‘ಶಿವಣ್ಣ ಎಂ’ ಎಂದಾಗಿರುತ್ತದೆ. ಕಂಪ್ಯೂಟರ್‌ಗೆ ಇವರು ಇಬ್ಬರು. ಅದೇ ‘ರಾವ್ ಎಸ್’ ಎಂದು ಹುಡುಕಿದರೆ ಯಾರ್‍ಯಾರದೋ ಪ್ರಬಂಧಗಳು ಒಟ್ಟಿಗೇ ಬಂದು ಬೀಳುತ್ತವೆ.

ಹಾಗಾಗಿ ಮೊದಲು ಅವರ ಆರ್ಕಿಡ್ ಸಂಖ್ಯೆ ಹುಡುಕಿ. ಸಂಶೋಧಕರಿಗೆ ಕೊಡುವ, 2012ರಲ್ಲಿ ಶುರುವಾದ 16 ಅಂಕಿಗಳ ಗುರುತು ಇದು; ಇದರ ಪುಟದಲ್ಲಿ ಅವರ ಪ್ರಬಂಧಗಳ ಪಟ್ಟಿ ಇರುತ್ತದೆ. ಆ ಪುಟ ಖಾಲಿ ಇದ್ದ ಮಾತ್ರಕ್ಕೆ ಪ್ರಬಂಧಗಳೇ ಇಲ್ಲ ಎಂದುಕೊಳ್ಳಬೇಡಿ, ಎಷ್ಟೋ ಮಂದಿ ಸಂಖ್ಯೆ ಪಡೆದು ಹಾಗೇ ಬಿಟ್ಟಿರುತ್ತಾರೆ.

ನಂತರ ವೈದ್ಯಕೀಯ ಪ್ರಬಂಧಗಳ ಉಚಿತ ದತ್ತಸಂಚಯವಾದ ಪಬ್‌ಮೆಡ್‌ನ ಅಡ್ವಾನ್ಸ್ಡ್ ಸರ್ಚ್‌ಗೆ ಹೋಗಿ. ಆಥರ್ ಖಾನೆಯಲ್ಲಿ ಹೆಸರಿನ ಎಲ್ಲ ರೂಪಗಳನ್ನೂ ‘ಆರ್’ (OR) ಹಾಕಿ ಜೋಡಿಸಿ. ಅಫಿಲಿಯೇಷನ್ (ಲೇಖಕರ ಸಂಸ್ಥೆ) ಖಾನೆಯಲ್ಲಿ ಊರು ಕೊಡುವಾಗ ಬ್ಯಾಂಗಲೋರ್, ಬೆಂಗಳೂರು, ಮೈಸೋರ್, ಮೈಸೂರು ಹೀಗೆ ಹಳೆಯ ಮತ್ತು ಹೊಸ ಸ್ಪೆಲಿಂಗ್ ಎರಡನ್ನೂ ಹಾಕಬೇಕು. ಇನ್ನೂ ಎರಡು ತೊಡಕುಗಳಿವೆ. 2002ಕ್ಕೆ ಮುಂಚಿನ ದಾಖಲೆಗಳು ಪೂರ್ತಿ ಹೆಸರಿನಿಂದ ಸಿಗುವುದಿಲ್ಲ, ಇನಿಶಿಯಲ್ ಬೇಕು. 2014ಕ್ಕೆ ಹಿಂದಿನವುಗಳಲ್ಲಿ ಸಾಮಾನ್ಯವಾಗಿ ಮೊದಲ ಲೇಖಕರ ಸಂಸ್ಥೆ ಮಾತ್ರ ಇರುತ್ತದೆ. ಆದ್ದರಿಂದ ಊರಿನ ಸೋಸಣಿಗೆ ಇಲ್ಲದೆಯೂ ಒಮ್ಮೆ ಹುಡುಕಿ, ವಿಷಯ ಮತ್ತು ಸಹಲೇಖಕರನ್ನು ನೋಡಿ ಅವರವೇ ಹೌದೋ ಅಲ್ಲವೋ ತೀರ್ಮಾನಿಸಿ.

ಪಟ್ಟಿಯನ್ನು ಬಿಡಿಸಿ

ಮೂಲ ಸಂಶೋಧನೆ, ರಿವ್ಯೂ (ಹಿಂದಿನ ಸಂಶೋಧನೆಗಳ ಅವಲೋಕನ), ಕೇಸ್ ರಿಪೋರ್ಟ್ (ರೋಗಿಯೊಬ್ಬರ ಪ್ರಕರಣದ ವರದಿ), ಸಂಪಾದಕರಿಗೆ ಪತ್ರ ಇವನ್ನು ಬೇರೆ ಬೇರೆ ಎಣಿಸಿ. ಆಮೇಲೆ ಲೇಖಕರ ಸಾಲಿನಲ್ಲಿ ಅವರ ಜಾಗ ನೋಡಿ. ವೈದ್ಯಕೀಯದಲ್ಲಿ ಸಾಮಾನ್ಯವಾಗಿ ಮೊದಲನೆಯವರು ಕೆಲಸದ ಮುಖ್ಯ ಪಾಲು ಹೊತ್ತವರು, ಕೊನೆಯವರು ತಂಡದ ಹಿರಿಯರು. ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬರುವ ‘ಗ್ಲೋಬಲ್ ಬರ್ಡನ್ ಆಫ್ ಡಿಸೀಸ್’ ವರದಿಗಳಿಗೆ ನೂರಾರು ಲೇಖಕರು, ಸಾವಿರಾರು ಸೈಟೇಷನ್. ಅಂಥ ನಾಲ್ಕಾರು ಪ್ರಬಂಧಗಳಲ್ಲಿ ಹೆಸರಿದ್ದರೆ ಒಟ್ಟು ಸೈಟೇಷನ್ ಗಗನಕ್ಕೇರುತ್ತದೆ. ಅವನ್ನು ಪಕ್ಕಕ್ಕಿಟ್ಟು ಇನ್ನೊಂದು ಲೆಕ್ಕ ಮಾಡಲೇಬೇಕು.

ಎಚ್-ಇಂಡೆಕ್ಸ್ ಕೈಯಲ್ಲೇ ಲೆಕ್ಕ ಹಾಕಿ

ಭೌತವಿಜ್ಞಾನಿ ಹೋರ್ಹೆ ಹಿರ್ಶ್ 2005ರಲ್ಲಿ ಸೂಚಿಸಿದ ಅಳತೆ ಇದು. ಎಚ್ ಎಂದರೆ, ಕನಿಷ್ಠ ಅಷ್ಟೇ ಸೈಟೇಷನ್ ಪಡೆದ ಪ್ರಬಂಧಗಳು ಎಷ್ಟಿವೆಯೋ ಅಂಥ ಅತಿ ದೊಡ್ಡ ಸಂಖ್ಯೆ; 6 ಪ್ರಬಂಧಗಳಿಗೆ ತಲಾ 6 ಅಥವಾ ಹೆಚ್ಚು ಸೈಟೇಷನ್ ಇದ್ದರೆ ಎಚ್ 6. ಪ್ರಬಂಧಗಳನ್ನು ಸೈಟೇಷನ್‌ನ ಇಳಿಕೆ ಕ್ರಮದಲ್ಲಿ ಬರೆಯಿರಿ: 48, 31, 17, 12, 9, 6, 6, 3, 0. ಆರನೆಯದಕ್ಕೆ 6 ಇದೆ, ಸರಿ. ಏಳನೆಯದಕ್ಕೂ 6 ಮಾತ್ರ, ಸಾಲದು. ಎಚ್-ಇಂಡೆಕ್ಸ್ 6. ಹತ್ತು ಅಥವಾ ಹೆಚ್ಚು ಸೈಟೇಷನ್ ಇರುವವು ನಾಲ್ಕು, ಅಂದರೆ ಗೂಗಲ್‌ನ ಪ್ರಬಂಧ ಹುಡುಕುವ ತಾಣ ಗೂಗಲ್ ಸ್ಕಾಲರ್‌ನ ಐ10-ಇಂಡೆಕ್ಸ್ 4. ಈಗ 6 ಇರುವ ಎರಡಕ್ಕೂ ಇನ್ನೊಂದೊಂದು ಸೈಟೇಷನ್ ಬಂದರೆ ಸಾಕು, ಎಚ್ 7 ಆಗುತ್ತದೆ. ಸ್ವಂತ ಪ್ರಬಂಧಗಳನ್ನೇ ಉಲ್ಲೇಖಿಸಿ ಇದನ್ನು ಏರಿಸುವುದು ಎಷ್ಟು ಸುಲಭವೆಂದು ಇದರಿಂದಲೇ ಗೊತ್ತಾಗುತ್ತದೆ. ಮೊದಲ ಪ್ರಬಂಧದ 48 ಸೈಟೇಷನ್ 4,800 ಆದರೂ ಎಚ್ ಮಾತ್ರ ಕದಲುವುದಿಲ್ಲ.

ಗೂಗಲ್ ಸ್ಕಾಲರ್ ಥೀಸಿಸ್, ಪ್ರಿಪ್ರಿಂಟ್ (ತಜ್ಞರ ಪರಿಶೀಲನೆಗೆ ಮುಂಚಿನ ಕರಡು) ಎಲ್ಲವನ್ನೂ ಎಣಿಸುವುದರಿಂದ ಅದರ ಅಂಕಿ ಸ್ಕೋಪಸ್‌ಗಿಂತ ಸಾಮಾನ್ಯವಾಗಿ ಹೆಚ್ಚು. ಆದ್ದರಿಂದ ಅಂಕಿಯ ಪಕ್ಕದಲ್ಲಿ ಮೂಲ ಮತ್ತು ದಿನಾಂಕ ಬರೆದಿಡಿ. ಇಂಪ್ಯಾಕ್ಟ್ ಫ್ಯಾಕ್ಟರ್ ಎಂಬುದು ಜರ್ನಲ್‌ನ ಪ್ರಬಂಧಗಳಿಗೆ ಬಂದ ಸೈಟೇಷನ್‌ಗಳ ಸರಾಸರಿ ಅಷ್ಟೇ. ಒಂದು ಪ್ರಬಂಧದ ಯೋಗ್ಯತೆಯನ್ನು ಅದರಿಂದ ಅಳೆಯಬೇಡಿ.

ಕ್ಷೇತ್ರಕ್ಕೆ ತಕ್ಕ ಹೋಲಿಕೆ

ಹೃದ್ರೋಗದ ಪ್ರಬಂಧಕ್ಕೆ ಬರುವಷ್ಟು ಸೈಟೇಷನ್ ಅನಾಟಮಿಗೆ ಬರುವುದಿಲ್ಲ. ಅಮೆರಿಕದ ಎನ್‌ಐಎಚ್‌ನ (ರಾಷ್ಟ್ರೀಯ ಆರೋಗ್ಯ ಸಂಶೋಧನಾ ಸಂಸ್ಥೆಗಳು) ‘ಐಸೈಟ್’ ಉಚಿತ ತಾಣದಲ್ಲಿ ಪಬ್‌ಮೆಡ್ ಸಂಖ್ಯೆಗಳನ್ನು ಹಾಕಿದರೆ ಕ್ಷೇತ್ರ ಮತ್ತು ಕಾಲಕ್ಕೆ ಸರಿಹೊಂದಿಸಿದ ಅನುಪಾತ ಸಿಗುತ್ತದೆ. 1.0 ಅಂದರೆ ಎನ್‌ಐಎಚ್ ಅನುದಾನ ಪಡೆದ ಪ್ರಬಂಧಗಳ ನಡುಮಟ್ಟ. ತೀರಾ ಹೊಸ ಪ್ರಬಂಧಗಳ ಮಟ್ಟಿಗೆ ಇದನ್ನು ನೆಚ್ಚಬೇಡಿ.

ಯಾಕೆ ಉಲ್ಲೇಖಿಸಿದ್ದಾರೆ?

ಎಂಎಂಆರ್ (ದಡಾರ, ಮಂಪ್ಸ್, ರುಬೆಲ್ಲಾ) ಲಸಿಕೆಗೂ ಆಟಿಸಂಗೂ ನಂಟು ಕಟ್ಟಿದ ಆಂಡ್ರ್ಯೂ ವೇಕ್‌ಫೀಲ್ಡ್ ಪ್ರಬಂಧ 1998ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು, 2010ರಲ್ಲಿ ಪತ್ರಿಕೆಯೇ ಅದನ್ನು ಹಿಂತೆಗೆದುಕೊಂಡಿತು. ಅದಕ್ಕೆ ಬಿದ್ದ ಸೈಟೇಷನ್‌ಗಳಲ್ಲಿ ಬಹುಪಾಲು ಅದು ತಪ್ಪೆಂದು ಹೇಳಲು ಬಂದವು, ಆದರೆ ಲೆಕ್ಕದಲ್ಲಿ ಎಲ್ಲವೂ ಒಂದೇ. ಹೆಚ್ಚು ಸೈಟೇಷನ್ ಇರುವ ಮೂರು ಪ್ರಬಂಧಗಳನ್ನು ಆರಿಸಿ, ಅವನ್ನು ಉಲ್ಲೇಖಿಸಿದ ಕೆಲವು ಲೇಖನಗಳ ಆ ಸಾಲನ್ನೇ ಓದಿ.

ಕೊನೆಗೆ ಸಂಶೋಧಕರ ಹೆಸರನ್ನು, ಹಿಂತೆಗೆದ ಪ್ರಬಂಧಗಳನ್ನು ದಾಖಲಿಸುವ ರಿಟ್ರಾಕ್ಷನ್ ವಾಚ್ ದತ್ತಾಂಶದಲ್ಲಿ ಹುಡುಕಿ. 2023ರಲ್ಲಿ ಪ್ರಬಂಧಗಳ ಗುರುತು ಸಂಖ್ಯೆ ನೋಂದಾಯಿಸುವ ಕ್ರಾಸ್‌ರೆಫ್ ಸಂಸ್ಥೆ ಇದನ್ನು ಕೊಂಡು ಎಲ್ಲರಿಗೂ ಮುಕ್ತಗೊಳಿಸಿದೆ. ಪ್ರಬಂಧ ಹಿಂತೆಗೆದದ್ದು ಕಂಡರೆ ತಕ್ಷಣ ವಂಚನೆ ಎಂದು ಬರೆಯಬೇಡಿ. ತಮ್ಮದೇ ಲೆಕ್ಕದ ತಪ್ಪು ಕಂಡು ತಾವಾಗಿಯೇ ಹಿಂತೆಗೆದವರೂ ಇದ್ದಾರೆ. ಜರ್ನಲ್ ಪ್ರಕಟಿಸಿದ ನೋಟಿಸ್‌ನಲ್ಲಿ ಕಾರಣವೇನು, ಹಿಂತೆಗೆಯಲು ಕೇಳಿದವರು ಲೇಖಕರೋ ಸಂಪಾದಕರೋ ಎಂಬುದನ್ನು ನೋಡಿ.